ಗೇರಿಲ್ಲದ ಸೈಕಲಿನವನನ್ನು ಕರ್ಕೊಂಡು ಪೊಸಡಿಗುಂಪೆಗೆ ಹೋಗಬಹುದಾ?

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಪ್ರಶ್ನೆ:

ನಾವು ಐದು ಜನ ಹಳೆ ಗೆಳೆಯರು. ಎಲ್ಲರಿಗೂ ನಲವತ್ತು ದಾಟಿದೆ. ಕುಂಬಳೆಯಿಂದ ಬಂದ್ಯೋಡು, ಪೆರ್ಮುದೆ, ಧರ್ಮತ್ತಡ್ಕ ದಾರಿಯಾಗಿ ಪೊಸಡಿಗುಂಪೆ ಗುಡ್ಡೆಗೆ ಸೈಕಲಲ್ಲಿ ಹೋಗಿ, ಅದೇ ದಿನ ವಾಪಸ್ ಬರಬೇಕು ಅಂತ ಆಸೆ. ಮೂವರ ಹತ್ತಿರ ಗೇರ್ ಸೈಕಲ್ ಉಂಟು. ಒಬ್ಬ ಯಾರದ್ದೋ ಕೇಳಿ ತರುತ್ತಾನೆ. ಇನ್ನೊಬ್ಬನದ್ದು ಅಪ್ಪನ ಕಾಲದ ಗೇರಿಲ್ಲದ ಸೈಕಲ್, ಅದನ್ನೇ ತರುತ್ತೇನೆ ಅಂತ ಹಠ. ಗುಡ್ಡೆ ದಾರಿಯಲ್ಲಿ ಗುಂಪಾಗಿ ಹೋಗಿ ಬಂದವರು ನಿಮ್ಮ ಅನುಭವ ಹೇಳ್ತೀರಾ?

ಪೆರ್ಲದಿಂದ:

ಪೊಸಡಿಗುಂಪೆ ಭಾರೀ ಎತ್ತರದ ಗುಡ್ಡೆಯೇನಲ್ಲ. ಅದನ್ನು ನೋಡಿ "ಇಷ್ಟೇನಾ" ಅಂದ್ಕೋಬೇಡಿ ಮಾರಾಯ್ರೆ. ನಮ್ಮ ಕಡೆಯ ರಸ್ತೆ ಒಂದೇ ಸಮ ಹತ್ತುವುದಿಲ್ಲ. ಪದವು (ಗುಡ್ಡೆ ಮೇಲಿನ ಬಯಲು) ಹತ್ತಿದ ಕೂಡಲೇ ಆಚೆ ಅಡಿಕೆ ತೋಟಕ್ಕೆ ಇಳಿಯುತ್ತದೆ. ತೋಡು ದಾಟಿದರೆ ಮತ್ತೆ ಚಡಾವು. ಹತ್ತಿದ್ದನ್ನೆಲ್ಲ ಕಳಕೊಂಡು ಪುನಃ ಹತ್ತಬೇಕು. ವಾಪಸ್ ಬರುವಾಗಲೂ ಅದೇ ಕಥೆ. "ಬರುವಾಗ ಬರೀ ಇಳಿಜಾರು ತಾನೆ" ಅಂತ ನಂಬಿ ಮೊದಲ ಸಲ ಹೋಗುವಾಗಲೇ ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿದ್ದೆ. ಬರುವಾಗ ಮೀನಖಂಡ ಹಿಡಿದು, ಒಂದು ಅಂಗಡಿಯ ಜಗಲಿಯಲ್ಲಿ ಅರ್ಧ ಗಂಟೆ ಅಂಗಾತ ಬಿದ್ದಿದ್ದೆ. ಅಂಗಡಿಯವರು ಉಪ್ಪು ಹಾಕಿದ ನಿಂಬೆ ಸೋಡಾ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ನಿಮ್ಮ ಹಠದ ಗೆಳೆಯರಿಗೆ ಒಂದು ಲೆಕ್ಕ ಹೇಳಿ. ಗೇರ್ ಸೈಕಲಲ್ಲಿ ಚೈನ್ ಸುತ್ತುವ ಹಲ್ಲುಚಕ್ರಕ್ಕೆ ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು, ಚಕ್ರವೂ ಒಂದೇ ಸುತ್ತು. ಸೈಕಲ್ ಎರಡು ಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ. ಹಳೆ ಸೈಕಲಲ್ಲಿ ಮುಂದೆ 44, ಹಿಂದೆ 18 ಇರುವುದು ಸಾಮಾನ್ಯ. ಅದು ಒಂದು ಸುತ್ತಿಗೆ ಐದು ಮೀಟರಿಗಿಂತ ಜಾಸ್ತಿ ಓಡುತ್ತದೆ. ಸಮ ರಸ್ತೆಯಲ್ಲಿ ಅದು ಖುಷಿ. ಚಡಾವಿನಲ್ಲಿ ಪ್ರತಿ ತುಳಿತಕ್ಕೂ ಎರಡು ಪಾಲಿಗಿಂತ ಜಾಸ್ತಿ ಬಲ ಬೇಕು. ಮೊಣಕಾಲು ಅಲ್ಲೇ ಹೋಗುವುದು. ಅವರು ತರಲಿ, ಆದರೆ ಚಡಾವು ಬಂದಾಗ ಇಳಿದು ತಳ್ಳಬೇಕು ಅಂತ ಮೊದಲೇ ಒಪ್ಪಿಸಿ. ತಳ್ಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ನಮ್ಮ ಅಜ್ಜಂದಿರು ಅಡಿಕೆ ಮೂಟೆ ಕಟ್ಟಿಕೊಂಡು ತಳ್ಳಿದವರೇ ಅಲ್ವಾ?

ಗೇರ್ ಇರುವವರು ಚಡಾವು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ. ಅರ್ಧ ಹತ್ತಿದ ಮೇಲೆ ಪೆಡಲನ್ನು ಒತ್ತಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ತಪ್ಪುತ್ತದೆ.

ಕಾಸರಗೋಡು ಪೇಟೆಯಿಂದ:

ಹತ್ತುವುದರ ಬಗ್ಗೆಯೇ ಎಲ್ಲರೂ ಹೇಳ್ತಾರೆ. ನಾನು ಬಿದ್ದದ್ದು ಇಳಿಯುವಾಗ.

ಎರಡು ವರ್ಷದ ಹಿಂದೆ ನಾಲ್ಕು ಜನ ಕಾಞಂಗಾಡಿನಿಂದ ರಾಣಿಪುರಂಗೆ ಹೋದೆವು. ಒಡಯಂಚಾಲ್, ರಾಜಪುರಂ, ಪನತ್ತಡಿ ದಾರಿ. ಒಂದು ಬದಿಗೇ ಐವತ್ತು ಕಿಲೋಮೀಟರ್ ಹತ್ತಿರ. ಸಮುದ್ರದ ಬದಿಯಿಂದ ಹೊರಟು ಸುಮಾರು 750 ಮೀಟರ್ ಎತ್ತರಕ್ಕೆ ಹೋಗುವುದು. ಪನತ್ತಡಿ ಕಳೆದ ಮೇಲಿನ ಚಡಾವಿನಲ್ಲಿ ನಮ್ಮಲ್ಲಿ ಮೂವರು ತಳ್ಳಿದೆವು. ಮೇಲೆ ತಲುಪಿ ಚಾ ಕುಡಿದು ಗೆದ್ದವರ ಹಾಗೆ ಫೋಟೋ ತೆಗೆದದ್ದೂ ಆಯಿತು. ಇಳಿಯುವಾಗ ನಾನು ಬ್ರೇಕ್ ಹಿಡಿದವನು ಬಿಡಲೇ ಇಲ್ಲ. ಅದೂ ಹಿಂದಿನದ್ದು ಮಾತ್ರ, ಮುಂದಿನದ್ದು ಹಿಡಿದರೆ ಮಗುಚುತ್ತೇನೆ ಅಂತ ಹೆದರಿಕೆ. ಒಂದು ತಿರುವಿನಲ್ಲಿ ಮುರಕಲ್ಲಿನ ಪುಡಿ ಹರಡಿತ್ತು. ಹಿಂದಿನ ಚಕ್ರ ನಿಂತು ಅಡ್ಡ ಜಾರಿತು. ಮೊಣಕೈ ಚರ್ಮ ಪೂರಾ ಹೋಯಿತು. ಹಿಂದಿನಿಂದ ಬಸ್ಸು ಬಾರದ್ದು ಪುಣ್ಯ.

ಈಗ ತಿರುವಿಗೆ ಮೊದಲೇ, ಸೈಕಲ್ ನೆಟ್ಟಗೆ ಇರುವಾಗಲೇ, ಎರಡೂ ಬ್ರೇಕ್ ಸ್ವಲ್ಪ ಸ್ವಲ್ಪ ಹಿಡಿದು ಬಿಡುತ್ತೇನೆ. ತಿರುವಿನ ಒಳಗೆ ಬ್ರೇಕಿಗೆ ಕೈ ಹಾಕುವುದಿಲ್ಲ. ಹೊರಡುವ ವಾರ ಮೊದಲೇ ಬ್ರೇಕ್ ರಬ್ಬರ್ ನೋಡಿಸಿ. ಗೆರೆ ಮಾಸಿದ್ದರೆ ಹೊಸತು ಹಾಕಿಸಿ, ದೊಡ್ಡ ಖರ್ಚಿಲ್ಲ. ಗೇರಿಲ್ಲದ ಆ ಹಳೆ ಸೈಕಲಿನ ಬ್ರೇಕೇ ನನಗೆ ಜಾಸ್ತಿ ಹೆದರಿಕೆ. ಅವರು ಇಳಿಜಾರಿನಲ್ಲೂ ತಳ್ಳಿದರೆ ಒಳ್ಳೆಯದು.

ಮತ್ತೆ, ಕುಂಬಳೆಯಿಂದ ಬಂದ್ಯೋಡಿನವರೆಗೆ ಸರ್ವಿಸ್ ರೋಡಲ್ಲೇ ಹೋಗಿ. ಆರು ಪಥದ ಹೆದ್ದಾರಿ ನಮ್ಮಂಥವರಿಗಲ್ಲ.

ಮುಳ್ಳೇರಿಯದ ಒಬ್ಬ ಟೀಚರ್:

ನಾವು ನಾಲ್ಕು ಜನ ಹೆಂಗಸರು ಬದಿಯಡ್ಕದ ಸುತ್ತಮುತ್ತ ಭಾನುವಾರ ಸುತ್ತುತ್ತೇವೆ. ನಿಧಾನದವರನ್ನು ಎಲ್ಲರಿಗಿಂತ ಮುಂದೆ ಬಿಡಿ ಅಂತ ಕೆಲವರು ಹೇಳ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಿಂದಿನಿಂದ ನಾಲ್ಕು ಜನ ಉಸಿರು ಬಿಡುತ್ತಾ ಬಂದರೆ ಯಾರಿಗೂ ಕಾಲು ಆಡುವುದಿಲ್ಲ. ಚಡಾವಿನಲ್ಲಿ ಅವರವರ ಹದದಲ್ಲಿ ಹತ್ತಲಿ. ಮೇಲೆ ನೆರಳಲ್ಲಿ ಎಲ್ಲರೂ ಕಾಯುವುದು. ಆದರೆ ಕೊನೆಯವರು ಬಂದ ಕೂಡಲೇ "ಹೋಗುವ" ಅಂತ ಹೊರಡಬಾರದು! ಮೊದಲು ಬಂದವರಿಗೆ ಹತ್ತು ನಿಮಿಷ ಸುಧಾರಿಸಲು ಸಿಕ್ಕಿರುತ್ತದೆ, ಕೊನೆಯವರಿಗೆ ಅದೇ ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬಳು ಸೈಕಲ್ ಬಿಟ್ಟದ್ದೇ ಈ ಕಾರಣಕ್ಕೆ. ನಮಗೆ ಅರ್ಥವಾದದ್ದು ತುಂಬಾ ತಡವಾಗಿ.

ಬೆಳಿಗ್ಗೆ ಐದೂವರೆಗೆ ಹೊರಡಿ, ಲೈಟ್ ಇರಲಿ. ಹತ್ತು ಗಂಟೆ ಆದ ಮೇಲೆ ಪದವಿನ ಮೇಲೆ ನೆರಳೇ ಇಲ್ಲ. ನಮ್ಮ ಸೆಕೆಗೆ ಬರೀ ನೀರು ಸಾಲದು, ಒಂದು ಬಾಟಲಿಗೆ ಉಪ್ಪು, ಬೆಲ್ಲ, ನಿಂಬೆ ಹಾಕಿ. ಬಾಟಲಿ ಖಾಲಿಯಾದರೆ ಮನೆಗಳಲ್ಲಿ ಕೇಳಲು ನಾಚಬೇಡಿ. ಬಾಯಾರು ಕಡೆ ಎಷ್ಟೋ ಮನೆಗಳಲ್ಲಿ ಸುರಂಗದ ನೀರು ಉಂಟು, ಗುಡ್ಡೆಯ ಒಳಗಿಂದ ತಣ್ಣಗೆ ಬರುತ್ತದೆ. ರಂಜಾನ್ ತಿಂಗಳಾದರೆ ಹಗಲು ಎಷ್ಟೋ ಹೋಟೆಲ್ ಮುಚ್ಚಿರುತ್ತವೆ, ಬುತ್ತಿ ಕಟ್ಟಿಕೊಳ್ಳಿ.

ದಾರಿ ಕೇಳಿದರೆ ಕನ್ನಡ, ತುಳು, ಮಲಯಾಳ ಯಾವುದರಲ್ಲಾದರೂ ಉತ್ತರ ಸಿಗುತ್ತದೆ. ಉತ್ತರ ಮಾತ್ರ ಒಂದೇ: "ಇಲ್ಲೇ, ಒಂಚೂರು ಮುಂದೆ." ಅದು ಸ್ಕೂಟರಿನ ಲೆಕ್ಕ.

ಪೆರ್ಲದಿಂದ ಮತ್ತೆ:

ಟೀಚರ್ ಹೇಳಿದ್ದು ಸರಿ, ನಾನೂ ಹಾಗೆ ಹೊರಟುಬಿಡುವವನೇ. ಒಂದು ಮರೆತೆ. ಮಳೆಗಾಲದಲ್ಲಿ ಪದವು ಹಸಿರಾಗಿ ಚಂದ ಕಾಣುತ್ತದೆ, ಆದರೆ ಮುರಕಲ್ಲಿನ ಮೇಲೆ ಪಾಚಿ. ನವೆಂಬರ್ ಕಳೆದು ಹೋಗಿ. ಗುಂಪೆಯ ಕೊನೆಯ ಭಾಗ ನಡೆದೇ ಹತ್ತಬೇಕು, ಸೈಕಲಿಗೆ ಬೀಗ ತನ್ನಿ. ಆಕಾಶ ತಿಳಿಯಾಗಿದ್ದರೆ ಪಡುವಲಲ್ಲಿ ಸಮುದ್ರ ಕಾಣುತ್ತದೆ.

ಕುಂಬಳೆಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಸೆಂಬರ್ ಎರಡನೇ ಭಾನುವಾರ ಅಂತ ನಿರ್ಧಾರ ಮಾಡಿದ್ದೇವೆ. 44, 18ರ ಲೆಕ್ಕವನ್ನು ಗೆಳೆಯನಿಗೆ ಓದಿ ಹೇಳಿದೆ. ಅವನು ಹೋಗಿ ಹಲ್ಲು ಎಣಿಸಿ ಬಂದ. "ನನ್ನದರಲ್ಲಿ ಹಿಂದೆ 20 ಉಂಟು, ಅಷ್ಟು ಹಗುರ" ಅಂತ ಈಗ ಇನ್ನೂ ಜಾಸ್ತಿ ಹಠ. ಬ್ರೇಕ್ ರಬ್ಬರ್ ಮಾತ್ರ ನಾನೇ ಬದಲಾಯಿಸಿಕೊಟ್ಟೆ.