ಮೂರನೆಯ ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಷನ್ ಕಡಿಮೆ: ಎಂಜಿನ್ ಬಿಚ್ಚಿಸಬೇಕೇ?

ನಿಗಡಿ ನಿವಾಸಿ:
ನಮಸ್ಕಾರ. ಊರು ವಿಜಯಪುರ, ಕೆಲಸ ಪುಣೆಯಲ್ಲಿ. ನನ್ನದು ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು, ಸಿಎನ್‌ಜಿ ಕಿಟ್ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತದೆ, ಖಂಡಾಳ ಘಾಟ್ ಹತ್ತುವಾಗ ಏದುಸಿರು ಬಿಡುತ್ತದೆ. ಹೊಗೆ ಇಲ್ಲ, ಆಯಿಲ್ ಇಳಿಯುತ್ತಿಲ್ಲ. ಪ್ಲಗ್, ಕಾಯಿಲ್ ಬದಲಾಯಿಸಿದ್ದಾಯಿತು. ಗ್ಯಾರೇಜಿನವರು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಿ 168, 164, 112, 166 ಪಿಎಸ್‌ಐ (ಒತ್ತಡದ ಅಳತೆ) ಎಂದು ಬರೆದುಕೊಟ್ಟು, ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಪೂರ್ತಿ ಎಂಜಿನ್ ಕೆಲಸ ಮಾಡಿಸಿ ಎನ್ನುತ್ತಿದ್ದಾರೆ. ದೀಪಾವಳಿಗೆ ಅಮ್ಮನನ್ನು ಕರೆತರಬೇಕು. ಒಪ್ಪಿಕೊಳ್ಳಲೇ?

ಡೊಂಬಿವಲಿ ಕನ್ನಡಿಗ:
ನನ್ನ ಕಾರಿನಲ್ಲಿ ನಾಲ್ಕಕ್ಕೂ 180ರ ಮೇಲೆ ಬಂದಿತ್ತು. ನಿಮ್ಮ ಉಳಿದ ಮೂರೂ ಸವೆದಿರಬಹುದಲ್ಲವೇ?

ಭೋಸರಿ ಎಂಜಿನ್ ಕೆಲಸ:
ದಯವಿಟ್ಟು ಈಗಲೇ ಒಪ್ಪಬೇಡಿ. ಹೊಗೆಯಿಲ್ಲದ, ಆಯಿಲ್ ಕುಡಿಯದ ಎಂಜಿನ್ನಿಗೆ ರಿಂಗ್ ಹೋಗಿದೆ ಎಂದು ಒಂದೇ ಪರೀಕ್ಷೆಯಲ್ಲಿ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಡೊಂಬಿವಲಿಯವರೇ, ನೀವಿರುವುದು ಸಮುದ್ರಮಟ್ಟದ ಹತ್ತಿರ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ನೂರಕ್ಕೆ ಆರರಷ್ಟು ಕಡಿಮೆ. ಗೇಜಿನಿಂದ ಗೇಜಿಗೂ ವ್ಯತ್ಯಾಸವಿರುತ್ತದೆ. ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ಅಂತರ. ಹತ್ತು ಹದಿನೈದು ಪ್ರತಿಶತದೊಳಗಿದ್ದರೆ ಚಿಂತೆಯಿಲ್ಲ. ಇಲ್ಲಿ ಒಂದೇ ಸಿಲಿಂಡರ್ ಮೂರನೇ ಒಂದು ಭಾಗ ಬಿದ್ದಿದೆ. ಪಕ್ಕಪಕ್ಕದ ಎರಡು ಬಿದ್ದಿದ್ದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಮೇಲೆ ಮೊದಲು ಅನುಮಾನಪಡುತ್ತಿದ್ದೆ.

ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ಕೇಳಿ. ಎಂಜಿನ್ ಬೆಚ್ಚಗಿರಬೇಕು, ಬ್ಯಾಟರಿ ತುಂಬಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು. ಕಾಯಿಲ್ ಕನೆಕ್ಟರುಗಳನ್ನು ಬಿಚ್ಚಿ, ಫ್ಯುಯಲ್ ಪಂಪಿನ ಫ್ಯೂಸ್ ತೆಗೆದು, ಸಿಎನ್‌ಜಿ ಸಿಲಿಂಡರಿನ ವಾಲ್ವನ್ನು ಕೈಯಿಂದ ಮುಚ್ಚಿರಬೇಕು. ಆಕ್ಸಿಲರೇಟರನ್ನು ಪೂರ್ತಿ ಒತ್ತಿಯೇ ಸ್ಟಾರ್ಟರ್ ತಿರುಗಿಸಬೇಕು. ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಹೋಗದೆ ಅಂಕಿ ಸುಮ್ಮನೆ ಕೆಳಗೆ ಬೀಳುತ್ತದೆ. ಗೇಜನ್ನು ಕೈಯಿಂದಲೇ ತಿರುಗಿಸಿ ಕೂರಿಸಲಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕೆಟ್ಟರೆ ಅದೊಂದು ಹೊಸ ತಲೆನೋವು.

ಗೇಜಿನ ಮುಳ್ಳಿನ ನಡೆ ಬಹಳ ಹೇಳುತ್ತದೆ. ಮೊದಲ ಹೊಡೆತಕ್ಕೆ ಸ್ವಲ್ಪವೇ ಏರಿ, ಆಮೇಲೆ ಹಂತಹಂತವಾಗಿ ಮೇಲೆ ಹೋದರೆ ರಿಂಗ್ ಸವೆದಿರಬಹುದು. ಆರಂಭದಲ್ಲೇ ಕಡಿಮೆಯಾಗಿ ಅಲ್ಲೇ ನಿಂತುಬಿಟ್ಟರೆ ವಾಲ್ವ್ ಕಡೆ ನೋಡಬೇಕು. ಖಚಿತಪಡಿಸಿಕೊಳ್ಳಲು ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಆಯಿಲ್ ರಿಂಗ್ ಸುತ್ತಲಿನ ಸಂದನ್ನು ಮುಚ್ಚುತ್ತದೆ. ಅಂಕಿ ಚೆನ್ನಾಗಿ ಏರಿದರೆ ಗ್ಯಾರೇಜಿನವರ ಮಾತು ನಿಜ.

ನನ್ನ ಅನುಮಾನ ಸುಟ್ಟ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮೇಲೆ. ಸಿಎನ್‌ಜಿ ಒಣ ಇಂಧನ. ಅದರಲ್ಲೇ ಓಡಿದ ಗಾಡಿಗಳಲ್ಲಿ ವಾಲ್ವ್ ಕೂರುವ ಸೀಟ್ ಸವೆದು, ವಾಲ್ವ್ ಮೇಲಕ್ಕೆ ಸರಿದು, ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಡುವ ಸಣ್ಣ ಅಂತರ) ಇಲ್ಲವಾಗುತ್ತದೆ. ಆಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ನಿಗಡಿ ನಿವಾಸಿ:
ಎದುರಿಗೇ ನಿಂತು ಮಾಡಿಸಿದೆ. ಆಯಿಲ್ ಹಾಕಿದ ಮೇಲೂ 112 ಇದ್ದದ್ದು 117 ಆಯಿತು, ಅಷ್ಟೇ. ಮುಳ್ಳು ಮೊದಲಿನಿಂದಲೂ ಕೆಳಗೇ ಇದ್ದು ಅಲ್ಲೇ ನಿಂತುಬಿಟ್ಟಿತು. ಎಂಜಿನ್ ತಣ್ಣಗಾದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಹಾಕಿದರೆ ಮೂರನೆಯದರ ಎಕ್ಸಾಸ್ಟ್ ಟ್ಯಾಪೆಟ್ಟಿನಲ್ಲಿ ಅತಿ ತೆಳುವಾದ ಎಲೆಯೂ ತೂರಲಿಲ್ಲ.

ಭೋಸರಿ ಎಂಜಿನ್ ಕೆಲಸ:
ಹಾಗಾದರೆ ರಿಂಗಿನ ಮಾತು ಬಿಡಿ. ಮೊದಲು ಟ್ಯಾಪೆಟ್ ಸೆಟ್ ಮಾಡಿಸಿ, ಸ್ವಲ್ಪ ಓಡಿಸಿ, ಮತ್ತೆ ಅಳೆಯಿರಿ. 150 ದಾಟಿದರೆ ನಿಶ್ಚಿಂತೆಯಿಂದ ಊರಿಗೆ ಹೋಗಿಬನ್ನಿ. ಏರದಿದ್ದರೆ ವಾಲ್ವ್ ಅಂಚು ಸುಟ್ಟಿದೆ ಎಂದೇ ಲೆಕ್ಕ. ಆಗಲೂ ಹೆಡ್ ಇಳಿಸಿದರೆ ಸಾಕು: ವಾಲ್ವ್, ಸೀಟ್ ಕೆಲಸ, ಹೊಸ ಗ್ಯಾಸ್ಕೆಟ್, ಹೆಡ್ ಸಮತಟ್ಟಾಗಿದೆಯೇ ಎಂಬ ತಪಾಸಣೆ. ಕೆಳಗಿನ ಬ್ಲಾಕನ್ನು ಯಾರೂ ಮುಟ್ಟಬೇಕಾಗಿಲ್ಲ.