ಗುಜರಿಯಿಂದ ತಂದ ಕಾರ್ ಬಾಗಿಲಿನ ಲಾಕಿಗೆ ಇಗ್ನಿಷನ್ ಚಾವಿ (ಗಾಡಿ ಚಾಲು ಮಾಡೋ ಚಾವಿ) ಹೊಂದಿಸೋದು ಹೆಂಗ?

ಪ್ರಶ್ನೆ: ಹುಬ್ಬಳ್ಳಿ ಗುಜರಿಯಿಂದ ತಂದ ಕಾರಿನ ಬಾಗಿಲಿಗೆ ಬ್ಯಾರೆ ಚಾವಿ ಐತಿ. ನಮ್ಮ ಹಳೇ ಲಾಕ್ ಜಜ್ಜಿಹೋಗೈತಿ. ಎಲ್ಲಾದಕ್ಕೂ ಒಂದ ಚಾವಿ ಆಗತೈತೇನ್ರಿ?

ಉತ್ತರ: ಆಗತೈತ್ರಿ, ಎರಡೂ ಒಂದ ಮಾಡೆಲ್ ಇದ್ರ. ಗುಜರಿ ಬಾಗಿಲಿನ ಟ್ರಿಮ್ (ಒಳಗಿನ ಹೊದಿಕೆ) ಬಿಚ್ಚಿ, ಲಾಕಿಗೆ ಕೂಡಿದ ರಾಡಿನ ಕ್ಲಿಪ್ ಸರಿಸಿ, ಸಿಲಿಂಡರ್ (ಚಾವಿ ಹಾಕೋ ಭಾಗ) ತಗೀರಿ. ಅದರ ಹಿಂದಿನ ಸರ್ಕ್ಲಿಪ್ (ಬಳಿಯಂಥ ಕ್ಲಿಪ್) ಬಿಚ್ಚಿ, ಗುಜರಿ ಬಾಗಿಲಿನ ಚಾವಿ ಒಳಗಿಟ್ಟ ಪ್ಲಗ್ (ಚಾವಿ ಜೋಡಿ ತಿರುಗೋ ಒಳಭಾಗ) ಜಗ್ಗ್ರಿ. ಚಾವಿ ಇಲ್ಲಂದ್ರ ವೇಫರ್ (ಪ್ಲಗ್ ಒಳಗಿನ ಸಣ್ಣ ತಗಡಿನ ಚೂರು) ಅಡ್ಡ ಸಿಗತಾವು, ಸ್ಪ್ರಿಂಗ್ ಹಾರತಾವು. ಆಮ್ಯಾಲ ಇಗ್ನಿಷನ್ ಚಾವಿ ಹಾಕ್ರಿ. ಪ್ಲಗ್ ಮೈಯಿಂದ ಉಬ್ಬಿದ ವೇಫರ್ ಅಷ್ಟ ಬದಲಿಸ್ರಿ.

ಇನ್ನೊಬ್ಬರು: ಜಜ್ಜಿದ ಲಾಕ್ ಒಗೀಬ್ಯಾಡ್ರಿ! ನಿಮ್ಮ ಚಾವಿಗೆ ಹೊಂದೋ ವೇಫರ್ ಅದರಾಗ ಅದಾವು, ಅದ ಸಾಲಿನ್ಯಾಗ ಹಚ್ಚ್ರಿ. ಉಬ್ಬಿದ್ದನ್ನ ಕಾನಸಲೆ ಮಾತ್ರ ತಿಕ್ಕಬ್ಯಾಡ್ರಿ, ಬ್ಯಾರೆ ಚಾವಿಗೂ ತೆರಿಯೂ ಹಂಗ ಆಗತೈತಿ. ಲಾಕಿಗೆ ಎಣ್ಣಿ ಹಾಕಿದ್ರ ಧೂಳ ಅಂಟತೈತಿ, ಗ್ರಾಫೈಟ್ ಪುಡಿ ಹಾಕ್ರಿ.

ಮತ್ತೊಬ್ಬರು: ಟ್ರಿಮ್ ಹಚ್ಚೂ ಮೊದಲ, ಬಾಗಿಲು ತೆರೆದಿಟ್ಟ ಲಾಕ್ ತಿರುವಿ ನೋಡ್ರಿ.