‘ಬಫರ್’ಗೆ ‘ಹೌದ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಕಂಪ್ಯೂಟರ್ ಜಾಲಗಳ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಾಲದಲ್ಲಿ ಡೇಟಾವನ್ನು ಕಳೆಯದಂತೆ ತಲುಪಿಸುವ ನಿಯಮಾವಳಿಯಾದ ಟಿಸಿಪಿಯ ಅಧ್ಯಾಯದಲ್ಲಿ ‘ಬಫರ್’ ಎಂಬ ಪದದ ಬಳಿ, ಅಂದರೆ ಡೇಟಾವನ್ನು ಸ್ವಲ್ಪ ಹೊತ್ತು ಇರಿಸಿಕೊಳ್ಳುವ ಜಾಗದ ಹೆಸರಿನ ಬಳಿ, ಲೇಖನಿ ನಿಂತುಬಿಟ್ಟಿದೆ. ‘ತಾತ್ಕಾಲಿಕ ಸಂಗ್ರಹ’ ಎಂದು ಬರೆದು ನೋಡಿದೆ, ಮನಸ್ಸು ಒಪ್ಪಲಿಲ್ಲ. ಸಂಗ್ರಹ ಎಂದೊಡನೆ ಗಮನ ಕೂಡಿಟ್ಟದ್ದರ ಕಡೆಗೆ ಹೋಗುತ್ತದೆ. ಟಿಸಿಪಿಗೆ ಬೇಕಾದ ಲೆಕ್ಕ ಉಳಿದಿರುವ ಖಾಲಿ ಜಾಗದ್ದು. ಡೇಟಾ ಪಡೆಯುವ ಕಂಪ್ಯೂಟರ್ ಪ್ರತಿ ಸ್ವೀಕೃತಿಯ (‘ಡೇಟಾ ತಲುಪಿತು’ ಎಂಬ ಮರುಸಂದೇಶದ) ಜೊತೆಗೆ ‘ಇನ್ನು ಇಷ್ಟು ಬೈಟ್ ಹಿಡಿಯುತ್ತದೆ’ ಎಂದು ಹೇಳಿ ಕಳಿಸುತ್ತದೆ. ಕಳಿಸುವ ಕಂಪ್ಯೂಟರ್ ಅದನ್ನು ಮೀರುವಂತಿಲ್ಲ.

ಇದನ್ನು ಬರೆಯುತ್ತಿರುವಾಗಲೇ ನಮ್ಮ ಅಂಗಳದ ಹೌದ, ಅಂದರೆ ನೀರು ತುಂಬಿಡುವ ತೊಟ್ಟಿ, ಕಣ್ಣಿಗೆ ಬಿತ್ತು. ಶಹಾಬಾದ್ ಫರಸಿಕಲ್ಲು ನಿಲ್ಲಿಸಿ ಕಟ್ಟಿದ್ದು. ನಳಕ್ಕೆ ನೀರು ಬಂದ ದಿನ ಅಮ್ಮ ಮುಚ್ಚಳ ಸರಿಸಿ, ಕೋಲು ಇಳಿಬಿಟ್ಟು, ಒದ್ದೆಯಾಗದೆ ಉಳಿದ ಭಾಗವನ್ನು ಗೇಣಿನಿಂದ ಅಳೆದು, ‘ಇನ್ನೊಂದು ಗೇಣು ಹಿಡಿಯುತ್ತದೆ, ನಳ ಸಣ್ಣ ಮಾಡು’ ಎಂದು ಕೂಗುತ್ತಾರೆ. ಟಿಸಿಪಿ ಮಾಡುವುದೂ ಇದನ್ನೇ ಅಲ್ಲವೇ?

‘ಹೌದ’ ಅರಬಿ ಮೂಲದ ಪದ. ಉರ್ದುವಿನಲ್ಲಿ ‘ಹೌಜ್’. ಮಸೀದಿಯ ಅಂಗಳದಲ್ಲಿ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ಕೊಳಕ್ಕೂ ಅದೇ ಹೆಸರು.

ಇನ್ನು, ಸ್ಥಿತಿಗೆ ತಕ್ಕಂತೆ ಬಫರಿನ ಅಳತೆ ಬದಲಿಸುವುದನ್ನು ಹೇಳುವ ‘ಅಡಾಪ್ಟಿವ್’. ‘ಹೊಂದಾಣಿಕೆಯ’ ಎಂದರೆ ಅಣ್ಣತಮ್ಮಂದಿರು ರಾಜಿ ಮಾಡಿಕೊಂಡಂತೆ ಕೇಳಿಸುತ್ತದೆ. ನನಗೆ ‘ಹದವರಿತ’ ಹಿಡಿಸಿದೆ. ಏಕೆಂದರೆ ಇಲ್ಲಿ ಅಳತೆಗೊಂದು ಹದವಿದೆ: ಸಂಪರ್ಕದ ವೇಗವನ್ನು, ಪ್ಯಾಕೆಟ್ (ಡೇಟಾದ ಒಂದು ತುಣುಕು) ಹೋಗಿ ಸ್ವೀಕೃತಿ ಮರಳುವ ಸಮಯದಿಂದ ಗುಣಿಸಬೇಕು. ಸೆಕೆಂಡಿಗೆ 1 ಕೋಟಿ ಬಿಟ್ ವೇಗ, ಹೋಗಿಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಎಂದಾದರೆ 10 ಲಕ್ಷ ಬಿಟ್, ಅಂದರೆ 1.25 ಲಕ್ಷ ಬೈಟ್ ದಾರಿಯಲ್ಲೇ ಇರುತ್ತದೆ. ಹೌದ ಇದಕ್ಕಿಂತ ಚಿಕ್ಕದಾದರೆ ದಾರಿ ಖಾಲಿ ಬೀಳುತ್ತದೆ. ವೇಗವೂ ಸಮಯವೂ ಬದಲಾದಂತೆ ಅಳತೆಯನ್ನು ಬದಲಿಸುತ್ತಾ ಹೋಗುವುದೇ ಹದವರಿತ ನಿರ್ವಹಣೆ. ನಡುದಾರಿಯ ರೂಟರುಗಳಲ್ಲಿ ಹೌದ ಅತಿ ದೊಡ್ಡದಾದರೆ ಪ್ಯಾಕೆಟ್‌ಗಳು ಸಾಲಿನಲ್ಲಿ ನಿಂತು ನಿಂತು ತಡವಾಗುತ್ತವೆ. ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟ್ಟಿಸ್ ಇದನ್ನು ‘ಬಫರ್‌ಬ್ಲೋಟ್’ ಎಂದು ಕರೆದರು. ‘ಬ್ಲೋಟ್’ ಎಂದರೆ ಉಬ್ಬುವುದು. ಹೊಟ್ಟೆ ಉಬ್ಬರ ಎನ್ನುವ ನಮಗೆ ‘ಹೌದದ ಉಬ್ಬರ’ ಸಲೀಸಾಗಿ ಬರುತ್ತದೆ.

ಟಿಸಿಪಿಯ ಗುಣ ಹೇಳುವ ‘ರಿಲಯಬಲ್’ಗೆ ‘ವಿಶ್ವಾಸಾರ್ಹ’ ಬಿಟ್ಟು ‘ಖಾತ್ರಿ’ ಹಿಡಿದಿದ್ದೇನೆ. ಉದ್ಯೋಗ ಖಾತ್ರಿಯಿಂದಾಗಿ ಊರೂರಿಗೂ ಗೊತ್ತಿರುವ ಪದ ಅದು.

ನನ್ನನ್ನು ಕಾಡುತ್ತಿರುವ ತೊಡಕು ಎರಡು. ಕಳಿಸುವ ಕಡೆಯಲ್ಲೂ ಒಂದು ಬಫರ್ ಇರುತ್ತದೆ. ಕಳಿಸಿದ ಡೇಟಾದ ಪ್ರತಿಯನ್ನು ಸ್ವೀಕೃತಿ ಬರುವವರೆಗೆ ಅದು ಕಾದಿಡುತ್ತದೆ, ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸುವುದಕ್ಕಾಗಿ. ಹರಿದುಹೋದ ನೀರಿಗೆ ಪ್ರತಿ ಎಲ್ಲಿಂದ ಬರಬೇಕು? ಅಲ್ಲಿಗೆ ‘ಕಾಪಿಡು’ ಎಂಬುದರಿಂದ ಬೇರೆ ಪದ ಕಟ್ಟಬೇಕೇ, ಅಥವಾ ಎರಡಕ್ಕೂ ‘ಹೌದ’ವನ್ನೇ ಉಳಿಸಿಕೊಳ್ಳಬಹುದೇ? ಎರಡನೆಯದು, ‘ಹೌದು’ ಎಂಬುದರ ನೆರಳು. ಸ್ವೀಕೃತಿ ಎಂದರೂ ಒಂದು ಬಗೆಯ ‘ಹೌದು’ ತಾನೇ! ಒಂದೇ ಸಾಲಿನಲ್ಲಿ ಎರಡೂ ಬಂದರೆ ಮಕ್ಕಳು ಎಡವುತ್ತಾರೆ.

ಬೀದರ್, ಯಾದಗಿರಿಯ ಗೆಳೆಯರು ತಮ್ಮ ಮನೆಗಳಲ್ಲಿ ಇದನ್ನು ‘ಹೌದ’ ಎನ್ನುತ್ತಾರೋ ‘ಹೌಜ’ ಎನ್ನುತ್ತಾರೋ ತಿಳಿಸಬೇಕು. ‘ಹೌಜ’ ಬಳಕೆಯಲ್ಲಿದ್ದರೆ ಎರಡನೆಯ ತೊಡಕು ತಾನಾಗಿ ಕಳಚುತ್ತದೆ. ಮೈಸೂರು ಕಡೆಯವರು ‘ತೊಟ್ಟಿ’ಯೇ ಸಾಕು ಎನ್ನುವುದಾದರೆ ಅದನ್ನೂ ಕೇಳುವ ಆಸೆಯಿದೆ.